ಬಡ್ತಿ ಬೇಡವೆಂದು ಬರೆದವರು

ಗುಮಾಸ್ತರಿಂದ ಅಧಿಕಾರಿ ಹುದ್ದೆಗೆ ಬಡ್ತಿ ಪರೀಕ್ಷೆಯ ಸುತ್ತೋಲೆ ಬಂದರೆ ಸಾಕು, ಉಡುಪಿ, ಮಂಗಳೂರು ಕಡೆಯ ಬ್ಯಾಂಕ್ ಶಾಖೆಗಳಲ್ಲಿ ಮೊದಲು ಕೇಳಿಬರುವ ಮಾತು, 'ಎಲ್ಲಿಗೆ ಹಾಕುತ್ತಾರಂತೆ?' ಸಂಬಳದ ಲೆಕ್ಕ ಆಮೇಲೆ. ಗಂಡಸರೂ ಕೇಳುತ್ತಾರೆ, ಹೆಂಗಸರೂ ಕೇಳುತ್ತಾರೆ. ಕೇಳಿದ ಮೇಲೆ ಗಂಡಸರಲ್ಲಿ ಬಹಳ ಮಂದಿ ಅರ್ಜಿ ತುಂಬುತ್ತಾರೆ. ಹೆಂಗಸರಲ್ಲಿ ಬಹಳ ಮಂದಿ ಸುತ್ತೋಲೆಯ ಅಂಚಿನಲ್ಲಿ ಸಹಿ ಹಾಕಿ ಕೌಂಟರಿಗೆ ಮರಳುತ್ತಾರೆ. ನಾನು ಕೆಲಸಕ್ಕೆ ಸೇರಿದಂದಿನಿಂದ ಇದನ್ನು ನೋಡುತ್ತಾ ಬಂದಿದ್ದೇನೆ. ಇದಕ್ಕೆ ಶಾಖೆಯಲ್ಲಿ ಸಿದ್ಧ ಉತ್ತರವೂ ಇದೆ: ಅವರಿಗೆ ಆಸೆಯಿಲ್ಲ, ಮನೆ ಹತ್ತಿರ ಇದ್ದರೆ ಸಾಕು, ಜವಾಬ್ದಾರಿ ಬೇಡ. ಹೇಳುವವರು ಕೆಟ್ಟವರಲ್ಲ. ಎಷ್ಟೋ ಸಲ ಆ ಹೆಂಗಸರೇ ತಮ್ಮ ಬಗ್ಗೆ ಹಾಗೆ ಹೇಳಿಕೊಳ್ಳುತ್ತಾರೆ.

ಈ ಉತ್ತರ ನನಗೆ ಎಂದೂ ಸರಿಯೆನಿಸಿರಲಿಲ್ಲ. ಏಕೆ ಸರಿಯಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಲು ಮಾತ್ರ ಬರುತ್ತಿರಲಿಲ್ಲ. ಹೇಳಲು ಬಂದದ್ದು ರಾಂಚಿಯ ಹುಡುಗಿಯೊಬ್ಬಳಿಂದ.

ನೇರ ನೇಮಕಾತಿಯಲ್ಲಿ ಅಧಿಕಾರಿಯಾಗಿ ನಮ್ಮ ಶಾಖೆಗೆ ಬಂದವಳು ಅವಳು. ಗ್ರಾಹಕರ ಜೊತೆ ಮಾತನಾಡುವಷ್ಟು ಕನ್ನಡ ಕಲಿತಿದ್ದಾಳೆ. ಮೀನು ಮಾರುವ ಹೆಂಗಸರು ಬಂದರೆ 'ಎಂಚ ಉಲ್ಲರ್' ಎಂದು ತುಳುವಿನಲ್ಲೇ ವಿಚಾರಿಸುತ್ತಾಳೆ. ಅಧಿಕಾರಿಗಳ ಶ್ರೇಣಿಯಲ್ಲಿ ಸ್ಕೇಲ್ ಒಂದರಿಂದ ಎರಡಕ್ಕೆ ಹೋಗುವ ಸಂದರ್ಶನಕ್ಕೆಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೊಬೈಲಿನ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಒಂದು ದಿನ ಓದು ನಿಲ್ಲಿಸಿ, "ಮೇಡಂ, ಬ್ರೋಕನ್ ರಂಗ್ ಎಂದರೆ ನಿಮಗೆ ಗೊತ್ತೇ?" ಎಂದು ಕೇಳಿದಳು. ಗ್ಲಾಸ್ ಸೀಲಿಂಗ್ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಅವಳು ವಿವರಿಸಿದಳು: "ಹೆಂಗಸರನ್ನು ತಡೆಯುವುದು ಮೇಲಿನ ಗಾಜಿನ ಚಾವಣಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹೆಚ್ಚಿನವರು ಚಾವಣಿಯ ಹತ್ತಿರಕ್ಕೇ ಹೋಗಿರುವುದಿಲ್ಲ ಮೇಡಂ. ಏಣಿಯ ಕೆಳಗಿನ ಮೆಟ್ಟಿಲೇ ಮುರಿದಿರುತ್ತದೆ."

ಆ ಮಧ್ಯಾಹ್ನ ಊಟ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಶಾಖೆಯ ಕೌಂಟರುಗಳ ಹಿಂದೆ ಕುಳಿತು ನಿವೃತ್ತರಾದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು.

ಈ ಎರಡು ನುಡಿಗಟ್ಟುಗಳ ನಡುವೆ ನಲವತ್ತು ವರ್ಷಗಳ ಅಂತರವಿದೆ. ಗಾಜಿನ ಚಾವಣಿಯ ಮಾತನ್ನು ಆಡಿದವರು ಮರ್ಲಿನ್ ಲೋಡನ್. 1978ರಲ್ಲಿ, ನ್ಯೂಯಾರ್ಕಿನ ಮಹಿಳಾ ಸಮಾವೇಶವೊಂದರ ವೇದಿಕೆಯಲ್ಲಿ. ಟೆಲಿಫೋನ್ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರು ಅವರು. ಹೆಂಗಸರು ಮೇಲೇರದಿರುವುದಕ್ಕೆ ಅವರ ಸ್ವಭಾವವೇ ಕಾರಣ, ಆತ್ಮವಿಶ್ವಾಸ ಸಾಲದು ಎಂದು ವೇದಿಕೆಯಲ್ಲಿದ್ದವರು ಹೇಳುತ್ತಾ ಹೋದಾಗ, ತಡೆ ಇರುವುದು ಹೆಂಗಸರಲ್ಲಿ ಅಲ್ಲ, ಅವರ ತಲೆಯ ಮೇಲೆ ಎಂದು ಅವರು ಹೇಳಿದರು. ಮುಂದೆ 1991ರಲ್ಲಿ ಅಮೆರಿಕ ಸರ್ಕಾರ ಇದರ ಹೆಸರಿನಲ್ಲೇ ಒಂದು ಆಯೋಗ ನೇಮಿಸಿತು. ಅಲ್ಲಿನ ದೊಡ್ಡ ಕಂಪನಿಗಳ ಉನ್ನತ ಹುದ್ದೆಗಳಲ್ಲಿ ಶೇ 95ರಿಂದ 97ರಷ್ಟು ಮಂದಿ ಗಂಡಸರೇ ಎಂದು ಅದು 1995ರಲ್ಲಿ ವರದಿ ಕೊಟ್ಟಿತು. ಮುರಿದ ಮೆಟ್ಟಿಲಿನ ಮಾತು ಜನರ ಬಾಯಿಗೆ ಬಂದದ್ದು 2019ರಲ್ಲಿ, ಕಂಪನಿಗಳಿಗೆ ಸಲಹೆ ಕೊಡುವ ಮೆಕಿನ್ಸಿ ಮತ್ತು ದುಡಿಯುವ ಹೆಂಗಸರ ಪರವಾದ ಲೀನ್ ಇನ್ ಸಂಸ್ಥೆಗಳು ಸೇರಿ ಮಾಡಿದ ಅಧ್ಯಯನದಿಂದ. ಮ್ಯಾನೇಜರ್ ಎಂಬ ಮೊದಲ ಹುದ್ದೆಗೆ 100 ಗಂಡಸರು ಏರಿದರೆ ಏರುವ ಹೆಂಗಸರು 72 ಮಾತ್ರ ಎಂದು ಅದು ತೋರಿಸಿತು. ಅಲ್ಲಿ ಹಿಂದೆ ಬಿದ್ದ 28 ಮಂದಿ ಆಮೇಲಿನ ಯಾವ ಮೆಟ್ಟಿಲಿನಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ.

ಅದು ಅಮೆರಿಕದ ಕಂಪನಿಗಳ ಲೆಕ್ಕ. ನಮ್ಮ ಕರಾವಳಿಗೆ ಹಾಗೆಯೇ ಅಂಟಿಸಲು ಬರುವುದಿಲ್ಲ. ಅಲ್ಲಿ ಮೇಲಿನವರು ಹೆಣ್ಣನ್ನು ಆರಿಸುವುದಿಲ್ಲ ಎಂಬ ದೂರು. ನಮ್ಮಲ್ಲಿ ಪರೀಕ್ಷೆ ಎಲ್ಲರಿಗೂ ಒಂದೇ, ಅಂಕ ಬಂದವರಿಗೆ ಬಡ್ತಿ. ಮೆಟ್ಟಿಲು ಗಟ್ಟಿಯಾಗಿಯೇ ಇದೆ. ಆದರೆ ಅದನ್ನು ಇಟ್ಟಿರುವುದು ಎಂಟುನೂರು, ಸಾವಿರ ಕಿಲೋಮೀಟರ್ ಆಚೆ. ಬಡ್ತಿಯ ಆದೇಶವೂ ವರ್ಗಾವಣೆಯ ಆದೇಶವೂ ಒಂದೇ ಲಕೋಟೆಯಲ್ಲಿ ಬರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸಲು ಆಗುವುದಿಲ್ಲ.

ಇದು ಬೇರೆಲ್ಲೋ ಆಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಇದು ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಪೈಗಳು ಬ್ಯಾಂಕಿಗಿಂತ ಮೊದಲು ಕಟ್ಟಿದ್ದು ಶಾಲೆಗಳನ್ನು, ಅದರಲ್ಲೂ 1894ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಒಂದು ಶಾಲೆಯನ್ನು, ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಹೆಣ್ಣು ಓದಬೇಕು ಎಂಬ ಮಾತೂ ಮನೆಯ ದುಡ್ಡು ಬ್ಯಾಂಕಿಗೆ ಬರಬೇಕು ಎಂಬ ಮಾತೂ ಇಲ್ಲಿ ಒಬ್ಬರ ಮನಸ್ಸಿನಲ್ಲೇ ಹುಟ್ಟಿದವು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಿಂದ ಸಂಗ್ರಹಿಸತೊಡಗಿದಾಗ, ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸರ ಕೈಗೂ ಪಾಸ್‌ಬುಕ್ ಬಂತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆದದ್ದೂ ಅದೇ ಬ್ಯಾಂಕು. ಇಂಥ ನೆಲದಲ್ಲಿ, ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಕೌಂಟರಿಗೆ ಬಂದ ಹೆಣ್ಣುಮಕ್ಕಳು ಅದೇ ಕೌಂಟರಿನಲ್ಲಿ ನಿವೃತ್ತರಾಗುತ್ತಾರೆ.

ಅವರಲ್ಲಿ ಒಬ್ಬರ ಬಗ್ಗೆ ಬರೆಯಲೇಬೇಕು. ನನಗೆ ಬ್ಯಾಂಕಿನ ಕೆಲಸ ಕಲಿಸಿದವರು ಅವರು. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದೆವು. ಒಂದು ಸಂಜೆ ಲೆಕ್ಕ ಮುಚ್ಚುವಾಗ ನಗದಿನಲ್ಲಿ 1,800 ರೂಪಾಯಿ ಕಡಿಮೆ ಬಂತು. ಹೊಸ ಕ್ಯಾಷಿಯರ್ ಹುಡುಗನ ಮುಖ ಬಿಳಚಿಕೊಂಡಿತ್ತು, ಕೈಯಿಂದ ತುಂಬಬೇಕಾದ ದುಡ್ಡು ಅದು. ಮ್ಯಾನೇಜರು ಕಟ್ಟುಗಳನ್ನು ಬಿಚ್ಚಿ ಮತ್ತೆ ಎಣಿಸಲು ಹೇಳಿದರು. ಅಕ್ಕ ಎಣಿಸಲು ಹೋಗಲಿಲ್ಲ. "1,800 ಒಂಬತ್ತರಿಂದ ಭಾಗವಾಗುತ್ತದೆ. ಅಂಕಿ ಹಿಂದುಮುಂದಾಗಿರಬೇಕು, ಚೀಟಿಗಳನ್ನು ಕೊಡು" ಎಂದರು. ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಹಳೆಯ ಲೆಕ್ಕಿಗರಿಗೆ ಗೊತ್ತಿದ್ದ ಸೂತ್ರ. ಹಣ ತೆಗೆದ ಚೀಟಿಗಳನ್ನು ಒಂದೊಂದಾಗಿ ಸರಿಸುತ್ತಾ ಹೋಗಿ ಒಂದರ ಮೇಲೆ ಬೆರಳಿಟ್ಟರು. ಚೀಟಿಯಲ್ಲಿ 4,200 ಇತ್ತು, ಹುಡುಗ ಕೊಟ್ಟದ್ದೂ ಅಷ್ಟನ್ನೇ; ಕಂಪ್ಯೂಟರಿಗೆ ಮಾತ್ರ 2,400 ಎಂದು ಹೊಡೆದಿದ್ದ. ನೋಟಿನ ಒಂದು ಕಟ್ಟನ್ನೂ ಬಿಚ್ಚದೆ ಹತ್ತೇ ನಿಮಿಷದಲ್ಲಿ ಲೆಕ್ಕ ಸರಿಯಾಯಿತು. ಆ ಮ್ಯಾನೇಜರರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಲದ ಕಡತ ನೋಡುವುದನ್ನು ಕಲಿತದ್ದೂ ಅಕ್ಕನಿಂದಲೇ.

ಅಕ್ಕ ಬ್ಯಾಂಕಿಂಗ್ ಪರೀಕ್ಷೆಗಳಾದ ಜೆಎಐಐಬಿ, ಸಿಎಐಐಬಿ ಎರಡನ್ನೂ ಮುಗಿಸಿದ್ದರು. ಬಡ್ತಿ ಪರೀಕ್ಷೆಯನ್ನೂ ಬರೆದು ತೇರ್ಗಡೆಯಾಗಿದ್ದರು. ಪಟ್ಟಿಯಲ್ಲಿ ಅವರ ಹೆಸರಿನ ಎದುರು ಛತ್ತೀಸಗಢದ ಒಂದು ಊರಿತ್ತು. ಮನೆಯಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅತ್ತೆ, ಎಂಟನೆಯ ತರಗತಿಯ ಮಗ, ಅವನಿಗಿಂತ ಸಣ್ಣ ಮಗಳು, ಮಲ್ಪೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ನಿಲ್ಲುವ ಗಂಡ. ಅಕ್ಕ ಕೊಟ್ಟ ಪತ್ರ ಒಂದೇ ಸಾಲಿನದು: ವೈಯಕ್ತಿಕ ಕಾರಣಗಳಿಂದಾಗಿ ಬಡ್ತಿಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ. ಒಮ್ಮೆ ನಿರಾಕರಿಸಿದವರು ಮತ್ತೆ ಕೆಲವು ವರ್ಷ ಪರೀಕ್ಷೆಗೆ ಕೂರುವಂತಿರಲಿಲ್ಲ. ಆ ಅವಧಿ ಮುಗಿಯುವ ಹೊತ್ತಿಗೆ ಮಗನ ಪಿಯುಸಿ, ಆಮೇಲೆ ಮಗಳದು. ಅಕ್ಕ ಮತ್ತೆ ಅರ್ಜಿ ಹಾಕಲಿಲ್ಲ. ಗುಮಾಸ್ತೆಯಾಗಿಯೇ ನಿವೃತ್ತರಾದರು.

ಕಡತದಲ್ಲಿ ಉಳಿದಿರುವುದು ಆ ಒಂದು ಸಾಲು. ಅದನ್ನು ಯಾರೇ ತೆಗೆದು ಓದಲಿ, ಈ ಉದ್ಯೋಗಿ ತಾನಾಗಿಯೇ ಬೇಡವೆಂದಳು ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ಸಾವಿರಾರು ಹೆಂಗಸರ ಕಡತಗಳಲ್ಲಿ ಹೀಗೆ ಒಂದೊಂದು ಸಾಲು ಇರಬಹುದು. ಎಲ್ಲರದೂ ವೈಯಕ್ತಿಕ. ಇಷ್ಟೊಂದು ಮಂದಿಗೆ ಒಂದೇ ವಯಸ್ಸಿನಲ್ಲಿ, ಒಂದೇ ಹುದ್ದೆಯ ಬಾಗಿಲಲ್ಲಿ, ಒಂದೇ ಬಗೆಯಲ್ಲಿ ಬರುವ ಕಾರಣವನ್ನು ವೈಯಕ್ತಿಕ ಎಂದು ಹೇಗೆ ಕರೆಯುವುದು?

ಊರು ಬಿಡುವುದು ಕರಾವಳಿಗೆ ಹೊಸದಲ್ಲ. ಮುಂಬೈ, ಮದ್ರಾಸು, ಆಮೇಲೆ ಕೊಲ್ಲಿ ದೇಶಗಳು. ಇಲ್ಲಿನ ಗಂಡಸರು ಹೋಗದ ಊರಿಲ್ಲ. ಅಡುಗೆಮನೆಯ ಕೆಲಸಕ್ಕೆ ಹೋದ ಹುಡುಗರು ಹೋಟೆಲು ಕಟ್ಟಿದರು. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರ ಹೆಸರು ಇಂದಿಗೂ ಮುಂಬೈಯಲ್ಲಿ ಬಾಳೆಲೆ ಊಟದ ಜೊತೆಗೇ ನೆನಪಾಗುತ್ತದೆ. ಅವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರೆಲ್ಲ ಹೋದಾಗ ಮನೆಯಲ್ಲಿ ಯಾರಿದ್ದರು? ಗದ್ದೆ ನೋಡಿಕೊಂಡವರು, ಮಕ್ಕಳನ್ನು ಶಾಲೆಗೆ ಕಳುಹಿಸಿದವರು, ಮಾವನಿಗೆ ಔಷಧಿ ತಂದವರು ಯಾರು? ಅಕ್ಕನ ತಮ್ಮ ದುಬೈಗೆ ಹೊರಟಾಗ ಅವನ ಮಗುವಿಗೆ ಆರು ತಿಂಗಳು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿ, ನೆರೆಕರೆಯವರಿಗೆಲ್ಲ ಊಟ ಹಾಕಿ ಕಳುಹಿಸಿದರು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವನನ್ನು ಒಬ್ಬರೂ ಕೇಳಲಿಲ್ಲ, ಕೇಳುವ ಅಗತ್ಯವೇ ಬೀಳಲಿಲ್ಲ. ಅಕ್ಕನ ಆದೇಶ ಬಂದಾಗ ಎಲ್ಲರೂ ಮೊದಲು ಕೇಳಿದ್ದು ಅದನ್ನೇ.

ಅಳಿಯಕಟ್ಟಿನ ನಾಡು ನಮ್ಮದು, ಇಲ್ಲಿ ಮನೆತನ ನಡೆದದ್ದೇ ಹೆಣ್ಣಿನ ಕಡೆಯಿಂದ ಎಂದು ಹೇಳುವವರಿದ್ದಾರೆ. ನಿಜ, ಆ ಪದ್ಧತಿ ಹಲವು ಸಮುದಾಯಗಳ ಹೆಂಗಸರಿಗೆ ತಮ್ಮ ಮನೆಯಲ್ಲಿ ನೆಲೆ ಕೊಟ್ಟಿತು. ಅದೇ ನೆಲೆ ಅವರನ್ನು ಮನೆಗೆ ಕಟ್ಟಿಯೂ ಹಾಕಿತು ಎಂದು ನನಗೆ ಅನಿಸುತ್ತದೆ. ಹೊರಗೆ ಹೋಗುವವನು ಗಂಡಸು, ಮನೆಯನ್ನು ಹಿಡಿದು ನಿಲ್ಲುವವಳು ಹೆಣ್ಣು ಎಂಬ ಹಂಚಿಕೆಯನ್ನು ಬ್ಯಾಂಕಿನ ವರ್ಗಾವಣೆ ನೀತಿ ಹೊಸದಾಗಿ ಹುಟ್ಟಿಸಲಿಲ್ಲ. ಹೆಣ್ಣೂ ಗಂಡೂ ಸಮಾನ ಎಂದು ಬರೆದ ಆ ನೀತಿಯ ಕಣ್ಣಿಗೆ ಈ ಹಂಚಿಕೆ ಬೀಳಲಿಲ್ಲ, ಅಷ್ಟೇ. ಕಾಣದೆ ಹೋದದ್ದರಿಂದಲೇ ಅದು ಇಷ್ಟು ಕಾಲ ಹಾಗೆಯೇ ಉಳಿಯಿತು.

ನಾನು ಬಡ್ತಿ ತೆಗೆದುಕೊಂಡು ಮಹಾರಾಷ್ಟ್ರದ ನಾಂದೇಡ್ ಕಡೆ ಹೋದವಳು. ಧೈರ್ಯವಂತೆ ಎಂದು ಇಂದಿಗೂ ಕೆಲವರು ನನ್ನನ್ನು ಹೊಗಳುತ್ತಾರೆ. ಧೈರ್ಯ ಅಕ್ಕನಲ್ಲಿ ನನಗಿಂತ ಹೆಚ್ಚಿತ್ತು. ನನ್ನಲ್ಲಿದ್ದದ್ದು ನನ್ನ ಅತ್ತೆ. ಆದೇಶ ಕೈಗೆ ಬಂದ ದಿನ ಕಾಪುವಿನ ಮನೆಯ ಜಗಲಿಯಲ್ಲಿ ಕುಳಿತು, "ಹುಡುಗನನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು. ನನಗೆ ಯಾರೂ ಹೀಗೆ ಹೇಳಲಿಲ್ಲ" ಎಂದರು. ಅವರ ಮೊಣಕಾಲಿಗೆ ಆಗಲೇ ನೋವು ಹಿಡಿದಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಮೊಮ್ಮಗನಿಗೆ ಬುತ್ತಿ ಕಟ್ಟಿ, ಶಾಲೆಯ ವಾಹನ ಬರುವ ತಿರುವಿನವರೆಗೆ ಅವನ ಚೀಲ ಹೊತ್ತು ನಡೆದರು. ನಮ್ಮ ತೋಟಗಳಲ್ಲಿ ಕಾಳುಮೆಣಸು ಕೊಯ್ಯಲು ಬಿದಿರಿನ ಏಣಿ ಏರುವವನ ಕೆಳಗೆ ಏಣಿ ಹಿಡಿಯಲು ಒಬ್ಬರು ನಿಂತಿರುತ್ತಾರಲ್ಲ, ಹಾಗೆ ನನ್ನ ಕೆಳಗೆ ಅವರು ನಿಂತಿದ್ದರು. ರಾಂಚಿಯ ಹುಡುಗಿಯ ಕೆಳಗೆ ನಿಂತಿರುವುದು ಅವಳ ತಾಯಿ. ಗಂಡನನ್ನು ಊರಿನಲ್ಲಿ ಬಿಟ್ಟು ವರ್ಷದ ಬಹುಪಾಲು ಅಂಬಲಪಾಡಿಯ ಬಾಡಿಗೆ ಮನೆಯಲ್ಲಿ ಮಗಳ ಕೂಸನ್ನು ಆಡಿಸುತ್ತಾ ಇರುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ, ಪಕ್ಕದ ಮನೆಯವರಿಗೆ ಹಿಂದಿ ಬರುವುದಿಲ್ಲ. ಅಕ್ಕನಿಗೆ ಹೀಗೆ ನಿಲ್ಲುವವರು ಇರಲಿಲ್ಲ. ಅವರೇ ಇನ್ನೊಬ್ಬರಿಗಾಗಿ ನಿಲ್ಲಬೇಕಾಗಿತ್ತು. ನನ್ನ ಮತ್ತು ಅಕ್ಕನ ಹುದ್ದೆಗಳ ನಡುವಿನ ವ್ಯತ್ಯಾಸ ಪೂರ್ತಿಯಾಗಿ ಇಷ್ಟೇ. ಸಾಮರ್ಥ್ಯದ ವ್ಯತ್ಯಾಸವಾಗಿದ್ದರೆ ಇಂದು ನನ್ನ ಕುರ್ಚಿಯಲ್ಲಿ ಅವರು ಕುಳಿತಿರುತ್ತಿದ್ದರು.

ವರ್ಗಾವಣೆಯೇ ಬೇಡ ಎನ್ನುವವಳಲ್ಲ ನಾನು. ಛತ್ತೀಸಗಢದ ಹಳ್ಳಿಗೂ ಬ್ಯಾಂಕು ಬೇಕು, ಅಲ್ಲಿ ಕೂರಲು ಅಧಿಕಾರಿ ಬೇಕು. ಒಂದೇ ಕುರ್ಚಿಯಲ್ಲಿ ಬಹಳ ವರ್ಷ ಕುಳಿತರೆ ಸಾಲ ಮಂಜೂರಾತಿಯಲ್ಲಿ ಏನೇನು ನಡೆಯಬಹುದು ಎಂಬುದು ಬ್ಯಾಂಕಿನಲ್ಲಿರುವ ಎಲ್ಲರಿಗೂ ಗೊತ್ತು. ನಾಂದೇಡಿನ ರೈತರಿಂದ ನಾನು ಕಲಿತದ್ದು ಉಡುಪಿಯಲ್ಲಿ ಸಿಗುತ್ತಿರಲಿಲ್ಲ. ನನ್ನ ಪ್ರಶ್ನೆ ಬೇರೆ. ಮಗು ಸಣ್ಣದಿರುವ, ಅತ್ತೆ ಮಾವ ಹಾಸಿಗೆ ಹಿಡಿಯುವ ವಯಸ್ಸಿನಲ್ಲೇ, ಮೊದಲ ಬಡ್ತಿಯಲ್ಲೇ, ಅತಿ ದೂರದ ಊರು ಏಕೆ? ಮೊದಲ ಎರಡು ವರ್ಷ ಅಕ್ಕಪಕ್ಕದ ಜಿಲ್ಲೆಯಲ್ಲಿ ಅಧಿಕಾರಿಯಾಗಿ ದುಡಿಯಲು ಬಿಟ್ಟು, ದೂರದ ಸರದಿಯನ್ನು ಆಮೇಲೆ ಇಡಲು ಏನು ಅಡ್ಡಿ?

ಆಗುವುದೇ ಇಲ್ಲ ಎಂದೇನೂ ಅಲ್ಲ. 2014ರ ಆಗಸ್ಟಿನಲ್ಲಿ ಕೇಂದ್ರದ ಹಣಕಾಸು ಸೇವೆಗಳ ಇಲಾಖೆ ಸರ್ಕಾರಿ ಬ್ಯಾಂಕುಗಳಿಗೆ ಸೂಚನೆ ಕಳುಹಿಸಿ, ಮದುವೆಯಾದ ಮಹಿಳಾ ಉದ್ಯೋಗಿಯನ್ನು ಸಾಧ್ಯವಾದಷ್ಟು ಗಂಡನಿರುವ ಊರಿಗೆ ಅಥವಾ ಅದರ ಹತ್ತಿರಕ್ಕೆ, ಮದುವೆಯಾಗದವರನ್ನು ತಂದೆತಾಯಿಯ ಹತ್ತಿರಕ್ಕೆ ಹಾಕಬೇಕೆಂದು ಹೇಳಿತು. 2024ರಲ್ಲಿ ವರ್ಗಾವಣೆ ನೀತಿಗಳನ್ನು ಪರಿಷ್ಕರಿಸಲು ಹೇಳಿದಾಗಲೂ ಈ ಮಾತು ಬಂತು. ಆದರೆ 'ಸಾಧ್ಯವಾದಷ್ಟು' ಎಂಬಲ್ಲಿಗೆ ಬಂದಾಗ ಪ್ರತಿ ಕಚೇರಿಯೂ ತನ್ನದೇ ಅಳತೆ ಹಿಡಿಯುತ್ತದೆ. 2013ರಲ್ಲಿ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆಯಾದ ಅರುಂಧತಿ ಭಟ್ಟಾಚಾರ್ಯ, ಮಕ್ಕಳ ಅಥವಾ ಹಿರಿಯರ ಆರೈಕೆಗಾಗಿ ಹೆಂಗಸರು ಎರಡು ವರ್ಷದವರೆಗೆ ಕೆಲಸದಿಂದ ದೂರವಿದ್ದು ಮರಳುವ ಅವಕಾಶ ತಂದರು. ಮಗಳ ಓದಿನ ಚಿಂತೆಯಲ್ಲಿ ತಾವೂ ಒಮ್ಮೆ ಕೆಲಸ ಬಿಡುವ ಯೋಚನೆ ಮಾಡಿದ್ದನ್ನು ಅವರು ಬಹಿರಂಗವಾಗಿ ಹೇಳಿದ್ದಾರೆ. 1988ರಲ್ಲಿ ವಿಜಯಾ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಸೇರಿದ ಎ. ಮಣಿಮೇಖಲೈ ಮುಂದೆ ಕೆನರಾ ಬ್ಯಾಂಕಿನಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರಾಗಿ, 2022ರಲ್ಲಿ ಯೂನಿಯನ್ ಬ್ಯಾಂಕಿನ ಮುಖ್ಯಸ್ಥರಾದರು. ಹುಟ್ಟಿದ್ದು ಕರಾವಳಿಯಲ್ಲೇ ಆದ ಎರಡು ಬ್ಯಾಂಕುಗಳಲ್ಲಿ ದುಡಿದು, ಕಾರ್ಪೊರೇಷನ್ ಬ್ಯಾಂಕನ್ನು ಒಳಗೊಂಡ ಮೂರನೆಯದರ ತುದಿಗೆ ಏರಿದವರು. ಅವರ ನೇಮಕದ ಸುದ್ದಿ ಬಂದಾಗ ನಮ್ಮ ಶಾಖೆಯ ಹೆಂಗಸರೆಲ್ಲ ಸಂತೋಷಪಟ್ಟೆವು. ಆದರೆ ಗಮನಿಸಿ, ಈ ಇಬ್ಬರೂ ನೇರವಾಗಿ ಅಧಿಕಾರಿಯಾಗಿಯೇ ಸೇರಿದವರು. ನಾನು ಹೇಳುತ್ತಿರುವ ಮೆಟ್ಟಿಲು ಅವರ ದಾರಿಯಲ್ಲಿ ಇರಲೇ ಇಲ್ಲ.

2019 ಮತ್ತು 2020ರ ವಿಲೀನಗಳ ನಂತರ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ, ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಬ್ಯಾಂಕು ದೊಡ್ಡದಾದಂತೆ ವರ್ಗಾವಣೆಯ ನಕ್ಷೆಯೂ ದೊಡ್ಡದಾಯಿತು. 2024ರ ವೇತನ ಒಪ್ಪಂದದಲ್ಲಿ ಗುಮಾಸ್ತರಿಗೆ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಎಂಬ ಹೊಸ ಹೆಸರು ಬಂದಿದೆ. ಹೆಸರು ಚೆನ್ನಾಗಿದೆ. ಅದರ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬ ಆತಂಕ ಮಾತ್ರ ಹಳೆಯದೇ.

ಶಾಖೆಯ ಮುಖ್ಯಸ್ಥೆಯಾಗಿ ನನ್ನ ಕೈಯಲ್ಲಿ ಇರುವುದು ಸ್ವಲ್ಪವೇ. ಆದರೂ ಈಗ ಒಂದು ಕೆಲಸ ಮಾಡುತ್ತಿದ್ದೇನೆ. ಬಡ್ತಿ ಬೇಡವೆಂದು ಯಾರಾದರೂ ಪತ್ರ ತಂದರೆ, ವೈಯಕ್ತಿಕ ಕಾರಣ ಎಂದು ಬರೆಯಬೇಡಿ, ಇರುವ ಕಾರಣವನ್ನು ಇರುವಂತೆಯೇ ಬರೆಯಿರಿ ಎನ್ನುತ್ತೇನೆ. ಅತ್ತೆಗೆ ಡಯಾಲಿಸಿಸ್ ನಡೆಯುತ್ತಿದೆ ಎಂದು ಬರೆಯಿರಿ. ಶಿಶುವಿಹಾರ ಇಲ್ಲ, ಕ್ವಾರ್ಟರ್ಸ್ ಇಲ್ಲ ಎಂದು ಬರೆಯಿರಿ. ಎಲ್ಲಿಗೆ ಹಾಕಿದರೆ ಹೋಗಬಲ್ಲಿರಿ, ಎಷ್ಟು ವರ್ಷದ ನಂತರ ಎಲ್ಲಿಗೆ ಬೇಕಾದರೂ ಹೋಗಬಲ್ಲಿರಿ ಎಂಬುದನ್ನೂ ಬರೆಯಿರಿ. ಇದಕ್ಕೆ ಮೊದಲಿಗೆ ಎಲ್ಲರೂ ಹಿಂಜರಿಯುತ್ತಾರೆ. ಮನೆಯ ಕಷ್ಟವನ್ನು ಕಚೇರಿಯ ಕಾಗದದ ಮೇಲೆ ಇಡಲು ಸಂಕೋಚ. ಆದರೆ ಮುಂದೆ ಯಾರಾದರೂ ಈ ಕಡತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವರಿಗೆ ನಿಜ ಕಾಣಬೇಕು.

ಈ ಸಲದ ಸುತ್ತೋಲೆಗೆ ನಮ್ಮ ಶಾಖೆಯ ಒಬ್ಬಳು ಬೇಡ ಎಂದು ಬರೆಯಲು ಹೊರಟಿದ್ದವಳು ಅರ್ಜಿಯನ್ನೇ ಹಾಕಿದ್ದಾಳೆ. ಜೊತೆಗೆ ಪುಟ ತುಂಬ ಒಂದು ಪತ್ರ: ತಾಯಿಯ ಚಿಕಿತ್ಸೆ ಮಣಿಪಾಲದಲ್ಲಿ ನಡೆಯುತ್ತಿದೆ, ಮೊದಲ ಎರಡು ವರ್ಷ ಶಿವಮೊಗ್ಗ ಅಥವಾ ಉತ್ತರ ಕನ್ನಡದೊಳಗೆ ಎಲ್ಲಿಗೆ ಹಾಕಿದರೂ ಹೋಗುತ್ತೇನೆ, ಆಮೇಲೆ ದೇಶದ ಯಾವ ಮೂಲೆಯಾದರೂ ಸರಿ. ಅದರ ಮೇಲೆ ನನ್ನ ಶಿಫಾರಸು ಬರೆದು, 2014ರ ಸೂಚನೆಯ ಪ್ರತಿಯನ್ನೂ ಲಗತ್ತಿಸಿ ಪ್ರಾದೇಶಿಕ ಕಚೇರಿಗೆ ಕಳುಹಿಸಿದ್ದೇನೆ. ರಾಂಚಿಯ ಹುಡುಗಿ ಅವಳಿಗೆ ಮಧ್ಯಾಹ್ನದ ಹೊತ್ತು ಸಾಲ ವಿಭಾಗದ ಪಾಠ ಹೇಳಿಕೊಡುತ್ತಿದ್ದಾಳೆ. ಪ್ರಾದೇಶಿಕ ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ. ಈ ವಾರವೂ ಬಾರದಿದ್ದರೆ ಸೋಮವಾರ ಮಂಗಳೂರಿಗೆ ನಾನೇ ಹೋಗಿ ಕೇಳುತ್ತೇನೆ.